ತಂಗಿ ಸಿಗರೇಟು ಸೇದುತ್ತಾಳೆ, ಮಾತ್ರೆಯೂ ತಗೊಳ್ಳುತ್ತಾಳೆ. ಬೈಯುವುದು ಬಿಟ್ಟು ಬೇರೆ ಎಂತ ಮಾಡಬಹುದು?

ಉರ್ವದ_ಅಕ್ಕ
ನನ್ನ ತಂಗಿಗೆ 27. ಮಂಗಳೂರಿನಲ್ಲೇ ಕೆಲಸ, ನೈಟ್ ಶಿಫ್ಟ್. ಪಿಸಿಓಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ, ತೂಕ ಏರುವ ತೊಂದರೆ) ಅಂತ ಡಾಕ್ಟರು ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟಿದ್ದಾರೆ, ತಗೊಳ್ಳುತ್ತಿದ್ದಾಳೆ. ಅವಳು ಸಿಗರೇಟು ಸೇದುತ್ತಾಳೆ ಅಂತ ನನಗೆ ಮೊನ್ನೆ ಗೊತ್ತಾಯಿತು. ಎರಡು ಮೂರು ವರ್ಷದಿಂದ ಉಂಟಂತೆ, ದಿನಕ್ಕೆ ಐದಾರು. ನನಗೆ ತಲೆ ಕೆಟ್ಟದ್ದು ಅದಕ್ಕಲ್ಲ. "ಮಾತ್ರೆ ಬರೆಯುವಾಗ ಡಾಕ್ಟರಿಗೆ ಹೇಳಿದ್ದೀಯಾ?" ಅಂತ ಕೇಳಿದರೆ, "ಅವರು ಕೇಳಲೇ ಇಲ್ಲ, ನಾನು ಯಾಕೆ ಹೇಳಲಿ? ಅವರು ಅಮ್ಮನ ಪರಿಚಯದವರು ಬೇರೆ" ಅಂತಾಳೆ.

ಸಿಗರೇಟು ಮತ್ತು ಈ ಮಾತ್ರೆ ಒಟ್ಟಿಗೆ ಆಗುವುದಿಲ್ಲ ಅಂತ ಎಲ್ಲೋ ಕೇಳಿದ ನೆನಪು. ನಿಜವಾ? ಇನ್ನೊಂದು, ಅವಳ ಹತ್ತಿರ ಹೇಗೆ ಮಾತಾಡಲಿ? ಉಪದೇಶ ಶುರು ಮಾಡಿದರೆ ಫೋನ್ ಇಡುತ್ತಾಳೆ.

ಗೋಳಿಬಜೆ
ಅಮ್ಮನಿಗೆ ಹೇಳಿಲ್ಲ ತಾನೇ? ಹೇಳ್ಬೇಡಿ. ಉಳಿದದ್ದು ಆಮೇಲೆ.

ಸುರತ್ಕಲ್_ಎಕ್ಸ್‌ಪ್ರೆಸ್
ಎಂತ ಕಾಲ ಬಂತು ಮಾರಾಯ್ರೆ. ಹೆಣ್ಣುಮಕ್ಕಳು ಸಿಗರೇಟು ಸೇದಿದರೆ ನಾಳೆ ಮದುವೆ ಹೇಗೆ? ಮೊದಲು ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿ. ಎಲ್ಲ ನೈಟ್ ಶಿಫ್ಟಿನ ಸಹವಾಸ.

ಬಿಟ್ಟವಳು
@ಸುರತ್ಕಲ್_ಎಕ್ಸ್‌ಪ್ರೆಸ್ ಅಣ್ಣ, ನೀವು ಸೇದುತ್ತೀರಾ?

ಸುರತ್ಕಲ್_ಎಕ್ಸ್‌ಪ್ರೆಸ್
ನನ್ನದು ಊಟ ಆದ ಮೇಲೆ ಒಂದು, ಅಷ್ಟೆ. ಗಂಡಸರ ವಿಷಯ ಬೇರೆ.

ಗೋಳಿಬಜೆ
ಬೇರೆ ಅಂತ ನಿಮ್ಮ ಶ್ವಾಸಕೋಶಕ್ಕೆ ಗೊತ್ತುಂಟಾ? 😄

ಸಿಸ್ಟರ್_ಆನ್_ಡ್ಯೂಟಿ
ತಮಾಷೆ ಅಲ್ಲ, ದೇಹಕ್ಕೆ ಆ ವ್ಯತ್ಯಾಸ ಗೊತ್ತುಂಟು. ಆದರೆ ಸುರತ್ಕಲ್ ಅಣ್ಣ ಹೇಳುವ ಅರ್ಥದಲ್ಲಿ ಅಲ್ಲ. ಸುಮಾರು 24 ಲಕ್ಷ ಜನರ ಮಾಹಿತಿ ಸೇರಿಸಿ ಲೆಕ್ಕ ಹಾಕಿದ ಅಧ್ಯಯನ 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಸಿಗರೇಟಿನಿಂದ ಹೃದಯಕ್ಕೆ ಹೆಚ್ಚುವ ಅಪಾಯ ಗಂಡಸರಿಗಿಂತ ಹೆಂಗಸರಲ್ಲಿ 25 ಶೇಕಡಾ ಜಾಸ್ತಿ ಅಂತ ಅದರಲ್ಲಿ ಕಂಡಿತು. ಯಾಕೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ.

ಈಗ ಅಕ್ಕನ ಪ್ರಶ್ನೆಗೆ ಬರ್ತೇನೆ. ನಾನು ಹೆರಿಗೆ ವಿಭಾಗದಲ್ಲಿ ನರ್ಸ್. ಮಾತ್ರೆ ಬರೆಯುವ ಮುಂಚೆ ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಸಿಗರೇಟಿನದ್ದೂ ಒಂದು. ಸಾಧಾರಣವಾಗಿ ಕೊಡುವ ಮಾತ್ರೆಯಲ್ಲಿ ಎರಡು ಹಾರ್ಮೋನು ಇರುತ್ತದೆ, ಅದರಲ್ಲಿ ಒಂದು ಈಸ್ಟ್ರೋಜನ್. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ಹೆಚ್ಚಿಸುತ್ತದೆ. ಸಿಗರೇಟು ರಕ್ತನಾಳದ ಒಳಗೋಡೆಯನ್ನು ಹಾಳು ಮಾಡಿ ಅದಕ್ಕೆ ಸಹಾಯ ಮಾಡುತ್ತದೆ. ಎರಡೂ ಸೇರಿದರೆ ಹೃದಯಾಘಾತ, ಪಾರ್ಶ್ವವಾಯುವಿನ ಸಾಧ್ಯತೆ ಏರುತ್ತದೆ.

ಕೋಟದ_ಕಮಲಕ್ಕ
ಅಯ್ಯೋ ದೇವರೇ. ಹಾಗಾದರೆ ಇವತ್ತೇ ಮಾತ್ರೆ ನಿಲ್ಲಿಸಲು ಹೇಳಿ ಮಗಾ. ನಮ್ಮ ಸಂಬಂಧಿಕರಲ್ಲಿ ಒಬ್ಬಳಿಗೆ ಹೀಗೇ ಆಗಿ ಒಂದು ಬದಿ ಬಿದ್ದುಹೋಯಿತು.

ಸಿಸ್ಟರ್_ಆನ್_ಡ್ಯೂಟಿ
ಬೇಡ ಕಮಲಕ್ಕ, ಹಾಗೆ ಹೆದರಿಸಬೇಡಿ. ವಯಸ್ಸು ಮುಖ್ಯ. 35 ದಾಟಿದವರು ಸೇದುತ್ತಿದ್ದರೆ ಈ ಮಾತ್ರೆ ಬೇಡ ಅಂತಲೇ ಹೇಳುತ್ತೇವೆ. ದಿನಕ್ಕೆ 15 ಅಥವಾ ಜಾಸ್ತಿ ಸೇದುವವರಾದರೆ ಖಂಡಿತ ಬೇಡ. 35ರ ಒಳಗಿನವರಿಗೆ ಡಾಕ್ಟರು ಎಲ್ಲ ನೋಡಿ ಕೊಡುವುದುಂಟು. ಆದರೆ ಅವಳಿಗೆ ಮೈಗ್ರೇನ್ ಉಂಟಾ, ಅದು ಬರುವ ಮುಂಚೆ ಕಣ್ಣೆದುರು ಮಿಂಚಿನ ಗೆರೆ ಕಾಣುತ್ತದಾ, ಬಿಪಿ ಎಷ್ಟು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ ಅಂತ ಕೇಳಬೇಕು. ಆ ಮಿಂಚಿನ ಮೈಗ್ರೇನ್ ಇದ್ದರೆ ಯಾವ ವಯಸ್ಸಿನಲ್ಲೂ ಈ ಮಾತ್ರೆ ಬೇಡ. ಈಸ್ಟ್ರೋಜನ್ ಇಲ್ಲದ ದಾರಿಗಳೂ ಉಂಟು.

ಅವಳಾಗಿ ನಿಲ್ಲಿಸುವುದು ಬೇಡ, ಡಾಕ್ಟರಿಗೆ ಹೇಳಲಿ. ಪರಿಚಯದವರು ಅಂತ ಮುಜುಗರ ಆದರೆ ಬೇರೆ ಡಾಕ್ಟರ ಹತ್ತಿರ ಹೋಗಲಿ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ತಟ್ಟನೆ ಉಸಿರು ಸಿಕ್ಕಿಕೊಳ್ಳುವುದು, ಎದೆನೋವು, ಮಾತು ತೊದಲುವುದು, ಇಂಥದ್ದೇನಾದರೂ ಆದರೆ ಮಾತ್ರ ಕಾಯಬಾರದು. ನೇರ ಆಸ್ಪತ್ರೆಗೆ.

ಉರ್ವದ_ಅಕ್ಕ
ಮೈಗ್ರೇನ್ ಉಂಟು. ಮಿಂಚಿನ ಗೆರೆ ಬಗ್ಗೆ ಕೇಳಿಲ್ಲ. ಈಗಲೇ ಫೋನ್ ಮಾಡ್ತೇನೆ.

ಸಿಸ್ಟರ್_ಆನ್_ಡ್ಯೂಟಿ
ಮಾಡಿ. "ಗೆರೆ ಕಾಣುತ್ತದಾ" ಅಂತ ಮಾತ್ರ ಕೇಳಿ. ಸಿಗರೇಟಿನ ಸುದ್ದಿ ಎತ್ತಬೇಡಿ.

ಬಿಟ್ಟವಳು
ನಾನು ಎಂಟು ಹತ್ತು ವರ್ಷ ಸೇದಿ ಬಿಟ್ಟವಳು, ಅದಕ್ಕೇ ಈ ಹೆಸರು. ಇಲ್ಲಿ ಯಾರೂ ಹೇಳದ ಒಂದು ವಿಷಯ ಹೇಳ್ತೇನೆ.

ಗಂಡಸರು ಗೂಡಂಗಡಿ ಎದುರು ನಿಂತು, ಚಾ ಕುಡಿಯುತ್ತಾ, ಹರಟೆ ಹೊಡೆಯುತ್ತಾ ಸೇದುತ್ತಾರೆ. ನಮ್ಮೂರಲ್ಲಿ ಹುಡುಗಿಗೆ ಅದು ಆಗುವುದಿಲ್ಲ. ನಾನು ಪಿಜಿಯ ಬಾತ್‌ರೂಮಿನಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು, ವೆಂಟಿಲೇಟರಿನ ಗಾಜಿನ ಪಟ್ಟಿ ಒಂದನ್ನು ಸರಿಸಿ, ಆ ಸಂದಿಗೆ ಬಾಯಿ ಇಟ್ಟು ಹೊಗೆ ಬಿಡುತ್ತಿದ್ದೆ. ಹೊರಗೆ ಯಾರೋ ಬಾಗಿಲು ತಟ್ಟುತ್ತಾರೆ ಅಂತ ನಾಲ್ಕೇ ದಮ್ಮಿಗೆ ಮುಗಿಸುವುದು. ಅಷ್ಟು ಆಳಕ್ಕೆ, ಅಷ್ಟು ಬೇಗ ಎಳೆದರೆ ಎಂತ ಆಗುತ್ತದೆ ನೀವೇ ಯೋಚಿಸಿ. ಆಮೇಲೆ ನಲ್ಲಿ ಬಿಡುವುದು, ತುಂಡನ್ನು ಶಾಂಪೂ ಪೊಟ್ಟಣದೊಳಗೆ ತುರುಕುವುದು, ಬೆರಳಿಗೆ ಟೂತ್‌ಪೇಸ್ಟ್ ತಿಕ್ಕುವುದು. ಕೆಮ್ಮಿಗೆ ಡಾಕ್ಟರ ಹತ್ತಿರ ಹೋದಾಗ ಧೂಳಿನ ಅಲರ್ಜಿ ಅಂತ ಹೇಳಿದೆ. ಅವರು ಅಲರ್ಜಿ ಮಾತ್ರೆ ಕೊಟ್ಟರು. ಹಾಗೇ ಎಷ್ಟೋ ಸಮಯ ಹೋಯಿತು.

"ಹುಡುಗಿ ಸೇದುವುದಾ!" ಅನ್ನುವ ಆ ಉದ್ಗಾರ ಉಂಟಲ್ಲ, ಅದರಿಂದ ಯಾರೂ ಸಿಗರೇಟು ಬಿಡುವುದಿಲ್ಲ. ಹೇಳುವುದು ಬಿಡುತ್ತಾರೆ, ಅಷ್ಟೆ.

ಮಲ್ಪೆ_ಬೋಟು
ಬಕೆಟ್ ಮೇಲೆ ನಿಂತದ್ದು ಓದಿ ನಗು ಬಂತು, ಆಮೇಲೆ ಬೇಜಾರಾಯಿತು.

ಸುರತ್ಕಲ್_ಎಕ್ಸ್‌ಪ್ರೆಸ್
ಹಾಗಂತ ಎಲ್ಲರೂ ರಸ್ತೆಯಲ್ಲಿ ನಿಂತು ಸೇದಲಿ ಅಂತೀರಾ? ನಾಚಿಕೆ ಇದ್ದರೇ ಒಳ್ಳೆಯದು. ಅದೇ ಕಾರಣಕ್ಕೆ ನಮ್ಮ ಹೆಂಗಸರಲ್ಲಿ ಸೇದುವವರು ಕಡಿಮೆ.

ಕದ್ರಿ_ಕಡೆಯವ
ಈ ಮಾತಿನಲ್ಲಿ ಅರ್ಧ ಸತ್ಯ ಉಂಟು. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ಪ್ರಕಾರ ದೇಶದಲ್ಲಿ ಸೇದುವ ಹೆಂಗಸರು 2 ಶೇಕಡಾ, ಗಂಡಸರು 19 ಶೇಕಡಾ. ಆದರೆ ಅದೇ ಸಮೀಕ್ಷೆಯಲ್ಲಿ ಹೊಗೆಯಿಲ್ಲದ ತಂಬಾಕು, ಅಂದರೆ ಜಗಿಯುವುದು ತಿಕ್ಕುವುದು ಎಲ್ಲ ಸೇರಿ, ಹೆಂಗಸರಲ್ಲಿ 12.8 ಶೇಕಡಾ. ಅದಕ್ಕೆ ನಾಚಿಕೆ ಇಲ್ಲ ನೋಡಿ. ಅಜ್ಜಿಯಂದಿರು ಜಗಲಿಯಲ್ಲಿ ಕೂತು ಹೊಗೆಸೊಪ್ಪು ಹಾಕಿದರೆ ಯಾರೂ ಮಾತಾಡುವುದಿಲ್ಲ.

ಕಂಪೆನಿಗಳು ಈ ನಾಚಿಕೆಯನ್ನೂ ಮಾರಿವೆ. 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಹುಡುಗಿಯರ ಕೈಗೆ ಸಿಗರೇಟು ಕೊಟ್ಟು ನಡೆಸಿ, ಅದನ್ನು "ಸ್ವಾತಂತ್ರ್ಯದ ಪಂಜು" ಅಂತ ಪ್ರಚಾರ ಮಾಡಿದ್ದು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರತಜ್ಞ. ಹಣ ಕೊಟ್ಟದ್ದು ಸಿಗರೇಟು ಕಂಪೆನಿ. ಮರ್ಯಾದೆ ಹೋಗುತ್ತದೆ ಅನ್ನುವುದನ್ನೇ ತಿರುಗಿಸಿ, ಸೇದಿದರೆ ಸ್ವತಂತ್ರಳು ಅಂತ ಮಾಡಿದರು. ಹಾಗಾಗಿ "ಹುಡುಗಿಯರಿಗೆ ಸಲ್ಲದು" ಅಂತ ನೀವು ಹೇಳಿದಷ್ಟೂ ಅವರ ಮಾಲಿಗೆ ಬೆಲೆ ಬರುತ್ತದೆ.

ಗೋಳಿಬಜೆ
ಈಗ ಪಂಜು ಹೋಗಿ ಪುದೀನ ಬಂದಿದೆ. ಫಿಲ್ಟರ್ ಒತ್ತಿದರೆ ಪಟ್ ಅಂತ ಒಡೆಯುವ ಗುಳಿಗೆ. ನಮ್ಮ ಆಫೀಸಿನ ಹುಡುಗಿಯರು ಅದು "ಲೈಟ್" ಅಂತಾರೆ.

ಸಿಸ್ಟರ್_ಆನ್_ಡ್ಯೂಟಿ
ಲೈಟ್ ಅಂತ ಯಾವುದೂ ಇಲ್ಲ. ಪುದೀನ ಗಂಟಲಿಗೆ ತಂಪು ಮಾಡುತ್ತದೆ, ಹಾಗಾಗಿ ಉರಿ ಗೊತ್ತಾಗದೆ ಆಳಕ್ಕೆ ಎಳೆಯುತ್ತಾರೆ. ಹೊಗೆ ತೆಳುವಾಗಲಿ ಅಂತ ಸಣ್ಣ ತೂತು ಮಾಡಿದ ಫಿಲ್ಟರ್ ಬಂದ ಮೇಲೂ ಇದೇ ಕಥೆ. ಆಳಕ್ಕೆ ಎಳೆದು ಎಳೆದು ಶ್ವಾಸಕೋಶದ ಅಂಚಿನಲ್ಲಿ ಬರುವ ಅಡಿನೋಕಾರ್ಸಿನೋಮಾ ಅನ್ನುವ ಕ್ಯಾನ್ಸರ್ ಜಾಸ್ತಿ ಆಯಿತು.

ಪುತ್ತೂರು_ತೋಟ
ಬೀಡಿಯೇ ವಾಸಿ ಅಂತ ಕಾಣ್ತದೆ. ಎಲೆಯಲ್ಲಿ ಸುತ್ತಿದ್ದು, ಕಾಗದ ಇಲ್ಲ, ಕೆಮಿಕಲ್ ಇಲ್ಲ. ನಮ್ಮ ಹಳಬರು ಸೇದಿಯೂ ಗಟ್ಟಿ ಇದ್ದರು.

ವಿಟ್ಲದ_ಮಾಣಿ
ತೋಟದವರೇ, ಬೀಡಿ ವಿಷಯ ನನ್ನ ಹತ್ತಿರ ಹೇಳಬೇಡಿ. ನಮ್ಮಮ್ಮ ಬೀಡಿ ಕಟ್ಟಿಯೇ ನನ್ನನ್ನು ಡಿಪ್ಲೊಮಾ ಓದಿಸಿದ್ದು.

ಬೀಡಿ ಎಲೆ ಬೇಗ ಉರಿಯುವುದಿಲ್ಲ, ಆರಿಹೋಗುತ್ತದೆ. ಅದಕ್ಕೇ ಬೀಡಿ ಸೇದುವವ ಬಿಡದೆ ಎಳೆಯುತ್ತಿರಬೇಕು. ಫಿಲ್ಟರ್ ಬೇರೆ ಇಲ್ಲ. ತಂಬಾಕು ಸಿಗರೇಟಿಗಿಂತ ಕಡಿಮೆ ಇದ್ದರೂ ಒಳಗೆ ಹೋಗುವ ಟಾರು, ಕಾರ್ಬನ್ ಮಾನಾಕ್ಸೈಡು ಕಡಿಮೆ ಇಲ್ಲ. ವಾಸಿ ಅಲ್ಲ.

ಕಟ್ಟುವವರ ಕಥೆ ಇನ್ನೊಂದು. ಅಮ್ಮ ರಾತ್ರಿ ಎಲೆ ನೆನೆಸಿ ಇಡುತ್ತಿದ್ದರು. ಬೆಳಿಗ್ಗೆ ಅಚ್ಚು ಇಟ್ಟು ಕತ್ತರಿಸಿ, ತಡ್ಪೆ, ಅಂದರೆ ಮೊರವನ್ನು ತೊಡೆ ಮೇಲೆ ಇಟ್ಟುಕೊಂಡು ಕೂತರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಎಲೆಗೆ ಪುಡಿ ಹಾಕಿ ಸುರುಟಿ, ತುದಿ ಮಡಚಿ, ನೂಲು ಸುತ್ತುವುದು. ಫ್ಯಾನ್ ಹಾಕುವಂತಿಲ್ಲ, ಪುಡಿ ಹಾರುತ್ತದೆ. ಪಕ್ಕದಲ್ಲೇ ತಂಗಿ ತೊಟ್ಟಿಲಲ್ಲಿ. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡುವ ದಿನ ಲೆಕ್ಕ ಕಮ್ಮಿ ಬಿದ್ದರೆ ನಾವು ಮಕ್ಕಳೂ ತುದಿ ಮಡಚಲು ಕೂರುವುದು. ಅಮ್ಮ ಜೀವಮಾನದಲ್ಲಿ ಒಂದು ಬೀಡಿ ಸೇದಿಲ್ಲ. ಆದರೂ ಕೆಮ್ಮು, ತಲೆಸುತ್ತು, ಬೆನ್ನು ನೋವು. ತಂಬಾಕಿನ ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ, ಧೂಳಿನಲ್ಲೂ ಹೋಗುತ್ತದೆ. ಬೀಡಿ ಕಟ್ಟುವವರ ಮೂತ್ರ ಪರೀಕ್ಷೆ ಮಾಡಿದಾಗ ಅದರ ಅಂಶ ಸಿಕ್ಕಿದೆ. ನಮ್ಮ ಜಿಲ್ಲೆಯಲ್ಲಿ ತಂಬಾಕಿನಿಂದ ಹೆಂಗಸರಿಗೆ ಆಗುವ ತೊಂದರೆ ಅಂದರೆ ಮೊದಲು ಇವರನ್ನು ನೋಡಬೇಕು.

ಕೋಟದ_ಕಮಲಕ್ಕ
ಸತ್ಯ ಮಗಾ. ನಮ್ಮ ಕಡೆ ಎಷ್ಟೋ ಹುಡುಗಿಯರ ಕರಿಮಣಿ ಬೀಡಿ ದುಡ್ಡಿನದ್ದೇ.

ಪುತ್ತೂರು_ತೋಟ
ಹಾಗಾದರೆ ಬೀಡಿ ನಿಲ್ಲಿಸಿದರೆ ಅವರ ಹೊಟ್ಟೆಪಾಡು? ಪೇಟೆಯಲ್ಲಿ ಕೂತು ನಿಷೇಧ ಅನ್ನುವುದು ಸುಲಭ.

ವಿಟ್ಲದ_ಮಾಣಿ
ನಿಷೇಧ ಅಂತ ನಾನು ಎಲ್ಲಿ ಹೇಳಿದೆ? ಕಟ್ಟುವ ಕೋಣೆ ಬೇರೆ ಇರಲಿ, ಮಗು ಪಕ್ಕದಲ್ಲಿ ಬೇಡ, ಉಣ್ಣುವ ಮುಂಚೆ ಸೋಪು ಹಾಕಿ ಕೈ ತೊಳೆಯಲಿ, ಬಸುರಿಯರು ಆ ಸಮಯದಲ್ಲಾದರೂ ಬಿಡಲಿ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾನೂನು 1976ರಿಂದ ಉಂಟು. ನನಗೆ ಅದರ ಸ್ಕಾಲರ್‌ಶಿಪ್ ಬಂದಿದೆ, ಚೆನ್ನಾಗಿಯೇ ಬಂದಿದೆ. ಅಮ್ಮನ ಎದೆ ಪರೀಕ್ಷೆ ಮಾತ್ರ ಯಾರೂ ಮಾಡಲಿಲ್ಲ.

ಬಿಟ್ಟವಳು
ತಡ್ಪೆ ತೊಡೆ ಮೇಲೆ, ತೊಟ್ಟಿಲು ಪಕ್ಕದಲ್ಲಿ. ನಮ್ಮ ಅತ್ತೆ ಮನೆಯೂ ಹೀಗೇ ಇತ್ತು.

ಸಿಸ್ಟರ್_ಆನ್_ಡ್ಯೂಟಿ
ಬಸುರಿ ವಿಷಯ ಬಂದದ್ದಕ್ಕೆ ಹೇಳ್ತೇನೆ. ಹೊಗೆಯ ಕಾರ್ಬನ್ ಮಾನಾಕ್ಸೈಡು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಮಗುವಿಗೆ ಉಸಿರು ಹೋಗುವುದು ಅಮ್ಮನ ರಕ್ತದಿಂದ ತಾನೇ? ಹಾಗಾಗಿ ತೂಕ ಕಮ್ಮಿ ಹುಟ್ಟುತ್ತದೆ, ದಿನ ತುಂಬುವ ಮೊದಲೇ ಹೆರಿಗೆ ಆಗುತ್ತದೆ, ಕೆಲವರಿಗೆ ಮಾಸು ಮೊದಲೇ ಬಿಟ್ಟು ರಕ್ತಸ್ರಾವ. ಅದಕ್ಕೂ ಮೊದಲು ಗರ್ಭನಾಳದಲ್ಲೇ ಬಸಿರು ನಿಲ್ಲುವ ಅಪಾಯ ಉಂಟು. ಮಕ್ಕಳಾಗುವುದು ತಡವಾಗುತ್ತದೆ. ಮುಟ್ಟು ನಿಲ್ಲುವುದು ಒಂದೆರಡು ವರ್ಷ ಬೇಗ, ಮೂಳೆ ಸವೆತ ಬೇಗ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ವೈರಸ್. ಆದರೆ ಸೇದುವವರ ದೇಹ ಆ ವೈರಸನ್ನು ಬೇಗ ಓಡಿಸುವುದಿಲ್ಲ, ಹಾಗಾಗಿ ಅಲ್ಲೂ ಅಪಾಯ ಜಾಸ್ತಿ.

ಹೃದಯಾಘಾತವೂ ಹೆಂಗಸರಲ್ಲಿ ಬೇರೆ ವೇಷದಲ್ಲಿ ಬರುವುದುಂಟು. ಎದೆ ಹಿಡಿದು ಬೀಳುವುದು ಅಂತಲ್ಲ. ದವಡೆ ನೋವು, ಬೆನ್ನು ನೋವು, ವಾಕರಿಕೆ, ಏನೋ ಸುಸ್ತು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗುತ್ತಾರೆ.

ಪುತ್ತೂರು_ತೋಟ
ಎಲ್ಲದಕ್ಕೂ ತಂಬಾಕು ಕಾರಣ ಅಂದರೆ ಹೇಗೆ? ನಮ್ಮ ಅಜ್ಜಿ ದಿನಾ ಎಲೆಅಡಿಕೆ ಹಾಕಿ ತೊಂಬತ್ತು ದಾಟಿದರು.

ಕದ್ರಿ_ಕಡೆಯವ
ಅಜ್ಜಿ ಬದುಕಿದ್ದು ಸಂತೋಷ. ಬದುಕದ ಅಜ್ಜಿಯಂದಿರು ಇಲ್ಲಿ ಬಂದು ಬರೆಯುವುದಿಲ್ಲವಲ್ಲ. ಹೊಗೆಸೊಪ್ಪು ಇಲ್ಲದ ಬರೀ ಎಲೆಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಹಾಕಿದೆ.

ಪುತ್ತೂರು_ತೋಟ
ಬಂತು ನೋಡಿ! ಅದೆಲ್ಲ ಅಡಿಕೆ ಬೆಳೆಗಾರರ ಮೇಲೆ ವಿದೇಶಿಯರ ಪಿತೂರಿ. ಕೊಳೆರೋಗಕ್ಕೆ ಮದ್ದು ಬಿಟ್ಟು ಸಾಯುತ್ತಿದ್ದೇವೆ, ಈಗ ಇದೊಂದು ಬಾಕಿ ಇತ್ತು.

ಗೋಳಿಬಜೆ
ಕ್ವಿಂಟಾಲಿಗೆ ಈಗ ಎಷ್ಟು ಉಂಟು ಭಟ್ರೆ?

ನಿರ್ವಾಹಕ
ಅಡಿಕೆ ಧಾರಣೆಗೆ ಬೇರೆ ಚರ್ಚೆ ಉಂಟು, ಅಲ್ಲಿಗೆ ಹೋಗಿ. ಇಲ್ಲಿ ತಂಗಿಯ ವಿಷಯ.

ಉರ್ವದ_ಅಕ್ಕ
ಫೋನ್ ಮಾಡಿದೆ. ತಲೆನೋವು ಬರುವ ಮುಂಚೆ ಅಂಕುಡೊಂಕು ಗೆರೆ ಹೊಳೆಯುತ್ತದಂತೆ! "ನಿನಗೆ ಹೇಗೆ ಗೊತ್ತಾಯ್ತು?" ಅಂತ ಅವಳೇ ಕೇಳಿದಳು. ಸಿಸ್ಟರ್ ಹೇಳಿದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಬೇರೆ ಡಾಕ್ಟರ ಹತ್ತಿರ ಹೋಗುವಾ, ನೀನೂ ಬಾ ಅಂದಳು. ನಾಳೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಅಲ್ಲಿಯವರೆಗೆ ಮಾತ್ರೆ ತಗೊಳ್ಳಬೇಕಾ ಅಂತ ಕ್ಲಿನಿಕ್ಕಿಗೇ ಫೋನ್ ಮಾಡಿ ಕೇಳಿದ್ದಾಳೆ. ಬಿಡುವ ಬಗ್ಗೆ ನಾನು ಎತ್ತಲಿಲ್ಲ. ಅವಳೇ "ಬಿಟ್ಟರೆ ದಪ್ಪ ಆಗ್ತೇನೆ, ಮೊದಲೇ ಪಿಸಿಓಡಿ" ಅಂದಳು.

ಸಿಸ್ಟರ್_ಆನ್_ಡ್ಯೂಟಿ
ಒಳ್ಳೆಯದಾಯಿತು ಅಕ್ಕ. ಮೈಗ್ರೇನ್, ಗೆರೆ, ಸಿಗರೇಟು, ಮೂರನ್ನೂ ಡಾಕ್ಟರಿಗೆ ಒಟ್ಟಿಗೆ ಹೇಳಲಿ.

ಬಿಟ್ಟವಳು
ದಪ್ಪ ಆಗುವುದು ಸುಳ್ಳಲ್ಲ. ಬಿಟ್ಟ ವರ್ಷದಲ್ಲಿ ಸರಾಸರಿ ನಾಲ್ಕೈದು ಕೆಜಿ ಏರುತ್ತದೆ ಅಂತ ಲೆಕ್ಕ, ನನಗೂ ಏರಿತು. ಬಾಯಿ ಚಡಪಡಿಸುತ್ತದೆ, ಚಕ್ಕುಲಿ ಡಬ್ಬ ಖಾಲಿಯಾಗುತ್ತದೆ. ಇಳಿಸಲು ಆಗುತ್ತದೆ ಅಂತ ಹೇಳಿ. ಆದರೆ ಏರುವುದೇ ಇಲ್ಲ ಅಂತ ಮಾತ್ರ ಹೇಳಬೇಡಿ, ಆಮೇಲೆ ನಿಮ್ಮ ಬೇರೆ ಮಾತನ್ನೂ ನಂಬುವುದಿಲ್ಲ.

ಇನ್ನೊಂದು, ಮುಟ್ಟಿನ ಮುಂಚಿನ ದಿನಗಳಲ್ಲಿ ಸೇದುವ ಆಸೆ ನನಗೆ ಜಾಸ್ತಿ ಆಗುತ್ತಿತ್ತು. ಅವಳಿಗೂ ಹಾಗಿದ್ದರೆ, ಬಿಡುವ ದಿನವನ್ನು ಮುಟ್ಟು ಮುಗಿದ ಮೇಲೆ ಇಟ್ಟುಕೊಳ್ಳಲಿ.

ಮಲ್ಪೆ_ಬೋಟು
ಸಿಗರೇಟು ಬಿಡಲು ಅಂತ ಸಿಗುವ ನಿಕೋಟಿನ್ ಗಮ್ ಪ್ರಯೋಜನ ಇಲ್ಲ ಮಾರಾಯ್ರೆ. ನಾನು ಜಗಿದೆ, ಬಿಕ್ಕಳಿಕೆ ಬಂತು, ಹೊಟ್ಟೆ ಉರಿ ಬಂತು, ಉಗಿದೆ.

ಮೆಡಿಕಲ್_ಶಾಪ್
ಬೋಟಿನವರೇ, ನೀವು ಅದನ್ನು ಬಬಲ್‌ಗಮ್ ತರ ಜಗಿದಿದ್ದೀರಿ. ಪ್ಯಾಕೆಟ್ ಕೊಡುವಾಗ ನಾನು ಎಲ್ಲರಿಗೂ ಹೇಳುವುದು ಇದನ್ನೇ. ನಿಧಾನಕ್ಕೆ ಜಗಿಯಿರಿ. ನಾಲಗೆಗೆ ಖಾರ ಅಥವಾ ಜುಮುಜುಮು ಅನಿಸಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಡಿ. ಜುಮುಜುಮು ಹೋದ ಮೇಲೆ ಮತ್ತೆ ಸ್ವಲ್ಪ ಜಗಿದು ಇನ್ನೊಂದು ಬದಿಗೆ ಇಡಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಚರ್ಮದಿಂದ ಹೋಗಬೇಕು. ಎಂಜಲಿನ ಜೊತೆ ನುಂಗಿದರೆ ಅದೇ ಬಿಕ್ಕಳಿಕೆ, ಹೊಟ್ಟೆ ಉರಿ. ಗಮ್ ಹಾಕುವ ಕಾಲು ಗಂಟೆ ಮುಂಚೆಯಿಂದ ಕಾಫಿ, ಜ್ಯೂಸು ಬೇಡ. 2 ಮಿಲಿಗ್ರಾಮಿನದ್ದು ಚೀಟಿ ಇಲ್ಲದೆ ಸಿಗುತ್ತದೆ. ಬಸುರಿಯರು, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಬೇಡ.

ಮಲ್ಪೆ_ಬೋಟು
ಇದನ್ನು ಆ ಅಂಗಡಿಯವ ನನಗೆ ಹೇಳಲೇ ಇಲ್ಲವಲ್ಲ!

ಗೋಳಿಬಜೆ
ವೇಪ್, ಅಂದರೆ ಇ-ಸಿಗರೇಟು, ಸೇದಿದರೆ? ಅದರಲ್ಲಿ ಹೊಗೆ ಇಲ್ಲ ಅಂತಾರೆ.

ಕದ್ರಿ_ಕಡೆಯವ
2019ರಿಂದ ದೇಶದಲ್ಲಿ ಅದರ ಮಾರಾಟವೇ ನಿಷೇಧ. ಕದ್ದು ಮಾರುವ ಮಾಲಿನಲ್ಲಿ ಎಂತ ಉಂಟು ಅಂತ ಯಾರಿಗೆ ಗೊತ್ತು? ನಿಕೋಟಿನ್ ಅಂತೂ ಉಂಟು, ಚಟ ಹಾಗೇ ಉಳಿಯುತ್ತದೆ.

ಸಹಾಯ ಬೇಕಾದರೆ ಪ್ಯಾಕಿನ ಮೇಲೇ ನಂಬರ್ ಉಂಟು, 1800-11-2356. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಯಾರ ಮುಖವನ್ನೂ ನೋಡಬೇಕಿಲ್ಲ, ತಂಗಿಯಂಥವರಿಗೆ ಅದೇ ಅನುಕೂಲ.

ಸುರತ್ಕಲ್_ಎಕ್ಸ್‌ಪ್ರೆಸ್
ಇಷ್ಟು ವರ್ಷ ಸೇದಿದ ಮೇಲೆ ಬಿಟ್ಟು ಎಂತ ಪ್ರಯೋಜನ? ಆಗುವುದು ಆಗಿ ಹೋಗಿದೆ ತಾನೇ? ನಾನು ಕೇಳುವುದು ಮಾಹಿತಿಗೆ.

ಬಿಟ್ಟವಳು
ಮಾಹಿತಿಗೆ 😊

ಸಿಸ್ಟರ್_ಆನ್_ಡ್ಯೂಟಿ
ಬ್ರಿಟನ್ನಿನಲ್ಲಿ 13 ಲಕ್ಷ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಉಂಟು. ಸೇದುತ್ತಲೇ ಹೋದವರ ಆಯಸ್ಸು ಹತ್ತು ವರ್ಷವಾದರೂ ಕಮ್ಮಿ. ಆದರೆ 40 ಆಗುವ ಮುಂಚೆ ಬಿಟ್ಟವರಲ್ಲಿ ಆ ಹೆಚ್ಚುವರಿ ಸಾವಿನ ಅಪಾಯದ 90 ಶೇಕಡಾಕ್ಕಿಂತ ಜಾಸ್ತಿ ತಪ್ಪಿತು. ತಂಗಿಗೆ 27, ಇದನ್ನೇ ಹೇಳಿ ಅಕ್ಕ. 40 ದಾಟಿದ ಅಣ್ಣಂದಿರಿಗೂ ಲಾಭ ಉಂಟು. ಬಿಟ್ಟು ಒಂದು ವರ್ಷಕ್ಕೆ, ಸಿಗರೇಟಿನಿಂದ ಹೃದಯಕ್ಕೆ ಹೆಚ್ಚಿದ್ದ ಅಪಾಯ ಅರ್ಧಕ್ಕೆ ಬರುತ್ತದೆ.

ಕೋಟದ_ಕಮಲಕ್ಕ
ನಂದೊಂದು ಪ್ರಶ್ನೆ. ಸೊಸೆ ಬಾಣಂತಿ, ನಮ್ಮಲ್ಲೇ ಇದ್ದಾಳೆ. ಮಗ ಸೇದುವುದು ಅಂಗಳದಲ್ಲಿ, ಒಳಗೆ ಅಲ್ಲ. ಆಮೇಲೆ ಬಂದು ಮಗು ಎತ್ತಿಕೊಳ್ಳುತ್ತಾನೆ. ತೊಂದರೆ ಉಂಟಾ?

ಸಿಸ್ಟರ್_ಆನ್_ಡ್ಯೂಟಿ
ಉಂಟು ಕಮಲಕ್ಕ. ಹೊಗೆಯ ಅಂಶ ಅಂಗಿಗೆ, ಕೂದಲಿಗೆ, ಕೈಗೆ ಅಂಟಿಕೊಂಡೇ ಒಳಗೆ ಬರುತ್ತದೆ. ಮಗು ಮುಖ ಒತ್ತುವುದು ಅದೇ ಅಂಗಿಗೆ. ಮನೆಯೊಳಗೆ ಸೇದಿದರಂತೂ ಇನ್ನೂ ಕಷ್ಟ, ಹಸುಗೂಸು ನಿದ್ದೆಯಲ್ಲೇ ತೀರಿಕೊಳ್ಳುವ ಅಪಾಯ ಹೆಚ್ಚುತ್ತದೆ. ಸದ್ಯಕ್ಕೆ ಅಂಗಿ ಬದಲಿಸಿ, ಕೈ ಮುಖ ತೊಳೆದು ಎತ್ತಿಕೊಳ್ಳಲಿ. ಮಗುವಿನ ಹತ್ತಿರ ಮಲಗುವುದು ಬೇಡ.

ಕೋಟದ_ಕಮಲಕ್ಕ
ನಾನು ಹೇಳಿದರೆ ಕೇಳುವುದಿಲ್ಲ. ಸೊಸೆಯ ಕೈಯಲ್ಲಿ ಹೇಳಿಸ್ತೇನೆ.

ವಿಟ್ಲದ_ಮಾಣಿ
ಸೊಸೆ ಮೇಲೆ ಹಾಕಬೇಡಿ ಅಮ್ಮ, ಬಾಣಂತಿಗೆ ಅವಳದ್ದೇ ಸಾಕಷ್ಟಿದೆ. ಈ ಪುಟ ಹಾಗೇ ಅವನಿಗೆ ಕಳಿಸಿ.

ಸುರತ್ಕಲ್_ಎಕ್ಸ್‌ಪ್ರೆಸ್
@ಮೆಡಿಕಲ್_ಶಾಪ್ ಆ ಗಮ್ಮಿನಲ್ಲಿ ಪುದೀನ ಬಿಟ್ಟು ಬೇರೆ ರುಚಿ ಉಂಟಾ? ನನಗೆ ಪುದೀನ ಆಗುವುದಿಲ್ಲ.

ಮೆಡಿಕಲ್_ಶಾಪ್
ಉಂಟು. ಬೇರೆ ಬೇರೆ ರುಚಿಯಲ್ಲಿ ಬರುತ್ತದೆ, ಅಂಗಡಿಯಲ್ಲಿ ಕೇಳಿ ನೋಡಿ.